ಸಮ ಮಾಡಿದ ರೆಕ್ಕೆಗಳು

ಮುನ್ನೂರು ಚಿಟ್ಟೆಗಳ ರೆಕ್ಕೆ ಅಳೆದು ಅವಳು ಬರೆದಿದ್ದ ಪಿಎಚ್‌.ಡಿ. ಪ್ರಬಂಧವನ್ನು ಗೈಡ್ ಸಾಹೇಬರು ನಾಲ್ಕನೆಯ ಸಲ ಮೇಜಿನ ಮೇಲೆ ಎಸೆದರು.

“ಎಡ ರೆಕ್ಕೆ ಇಪ್ಪತ್ತೆಂಟು ಮಿಲಿಮೀಟರ್, ಬಲ ರೆಕ್ಕೆ ಇಪ್ಪತ್ತೆಂಟೂವರೆ! ಸ್ಕೇಲ್ ಹಿಡಿಯೋಕೂ ಬರಲ್ವೇನಮ್ಮ ನಿಂಗೆ?”

“ಸರ್, ಚಿಟ್ಟೆಗಳು ಇರೋದೇ ಹಾಗೆ. ಎರಡೂ ರೆಕ್ಕೆ ತೀರಾ ಸಮ ಇರಲ್ಲ. ಅದನ್ನೇ ನಾನು...”

“ದೇವರು ತಪ್ಪು ಮಾಡ್ತಾನಾ? ಮೂವತ್ತು ವರ್ಷ ಪಾಠ ಮಾಡಿದೀನಿ, ನಂಗೇ ಹೇಳ್ಕೊಡ್ಬೇಡ. ಎಲ್ಲಾ ಸಮ ಮಾಡ್ಕೊಂಡು ಬಾ, ಸೈನ್ ಹಾಕ್ತೀನಿ.”

ಆ ಸಹಿಗಾಗಿ ಐದು ವರ್ಷ ಕಾದಿದ್ದವಳು ಒಂದೇ ಮಧ್ಯಾಹ್ನದಲ್ಲಿ ಮುನ್ನೂರು ಚಿಟ್ಟೆಗಳನ್ನೂ ಸಮ ಮಾಡಿದಳು. ಸಾಹೇಬರು ಅಂಕಿಗಳ ಮೇಲೆ ಕಣ್ಣಾಡಿಸಿ, “ಈಗ ನೋಡು, ಎಷ್ಟು ಲಕ್ಷಣವಾಗಿದೆ!” ಎಂದು ಸಹಿ ಹಾಕಿದರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅವಳನ್ನು ಏನೂ ಕೇಳಲಿಲ್ಲ. ಸಾಹೇಬರ ಕಡೆ ತಿರುಗಿದರು.

“ಒಂದು ಚಿಟ್ಟೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ವಲ್ಲ! ನೀವು ನೋಡಿದೀರಾ?”

“ನೋಡೋದೇನು ಸರ್, ಪ್ರತಿ ಪುಟ ನಾನೇ ತಿದ್ದಿಸಿದ್ದು,” ಸಾಹೇಬರು ಎದೆಯುಬ್ಬಿಸಿದರು.

“ಹಾಗಾದ್ರೆ ಪ್ರಬಂಧದ ಹೆಸರು ಸ್ವಲ್ಪ ಗಟ್ಟಿಯಾಗಿ ಓದಿ.”

ಸಾಹೇಬರು ಕನ್ನಡಕ ಏರಿಸಿಕೊಂಡು ಮುಖಪುಟವನ್ನು ಮೊದಲ ಸಲ ಓದಿದರು: “ಚಿಟ್ಟೆಗಳ ಎಡ ಮತ್ತು ಬಲ ರೆಕ್ಕೆಗಳ ನಡುವಿನ ಸಹಜ ವ್ಯತ್ಯಾಸ.”