ಅರವತ್ತು ದಾಟದ ಭಯ

ಗಡಿಯ ಕಚೇರಿಯಲ್ಲಿ ಭಯವನ್ನು ಯಂತ್ರದಿಂದ ಅಳೆಯುತ್ತಾರೆ. ಅರವತ್ತು ದಾಟಿದವರಿಗೆ ಆಶ್ರಯ. ದಾಟದವರು ಬಿಟ್ಟು ಬಂದ ಊರಿಗೇ ವಾಪಸ್ಸು. ನೀಲವ್ವನದು ಎಂಬತ್ತೆರಡು ಬಂದಿತ್ತು. ಈಗ ಅವಳ ಏಳು ವರ್ಷದ ಮಗಳು ಚಂಪಿಯ ತೋಳಿಗೆ ಪಟ್ಟಿ ಕಟ್ಟಿದರು.

“ನಿಮ್ಮ ಮನೆಗೆ ಬೆಂಕಿ ಹಚ್ಚಿದವರು ಮತ್ತೆ ಬಂದರೆ?” ಎಂದು ಅಧಿಕಾರಿ ಕೇಳಿದ.

ಚಂಪಿಯ ತುಟಿ ನಡುಗಿತು. ಅಂಕಿ ಐವತ್ತೆಂಟಕ್ಕೇರಿತು. ಇನ್ನು ಮೂರೇ ಬೇಕಿತ್ತು. ಅಷ್ಟರಲ್ಲಿ ನೀಲವ್ವ, ಮಗು ಬೆಚ್ಚಿದಾಗಲೆಲ್ಲ ಮಾಡುವಂತೆ, ಅವಳ ಎದೆಗೆ ಥೂ ಥೂ ಎಂದು ಉಗುಳಿ ನೆತ್ತಿ ಸವರಿಬಿಟ್ಟಳು.

“ಅಂಜಬ್ಯಾಡವ್ವ, ನಾ ಅದೀನಲ್ಲ.”

ಅಂಕಿ ಇಪ್ಪತ್ತಕ್ಕಿಳಿಯಿತು. ಪರೀಕ್ಷೆ ಒಮ್ಮೆ ಮಾತ್ರ. ಅಧಿಕಾರಿ ಮಗುವಿನ ಕಾಗದಕ್ಕೆ ವಾಪಸಾತಿಯ ಮುದ್ರೆ ಒತ್ತಿದ. ನೀಲವ್ವ ಸವರಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಅವ್ವಾ, ನಾ ಒಟ್ಟ ಅಂಜಲಿಲ್ಲ ನೋಡ!” ಎಂದು ಚಂಪಿ ನಕ್ಕಳು.