ಮೂರನೆಯ ಭಾನುವಾರ ಓದದ ಹೆಸರು

ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದು ಮೂರು ವಾರವಾಗಿತ್ತು. ಎಪ್ಪತ್ತೆಂಟನೇ ಇಸವಿಯ ಏಪ್ರಿಲ್ ತಿಂಗಳು, ಬೆಳಗಿನ ಏಳೂವರೆಗೇ ಮಡಿವಾಳದ ಕೆರೆ ಹಿಂದಿನ ಸಣ್ಣ ಚರ್ಚಿನ ಹೆಂಚು ಕಾಯುತ್ತಿತ್ತು. ಪೂಜೆ ಮುಗಿಯುವ ಹೊತ್ತಿಗೆ ಸ್ವಾಮಿಗಳು ಒಂದು ಚೀಟಿ ಬಿಡಿಸಿ ಓದಿದರು.

ದಿವಂಗತ ರಾಯಪ್ಪನವರ ಮಗ ಚಿನ್ನಪ್ಪನಿಗೂ ಬೇಗೂರಿನ ಫಿಲೋಮಿನಾಳಿಗೂ ಮದುವೆ ನಿಶ್ಚಯವಾಗಿದೆ. ಇದು ಮೊದಲನೇ ಪ್ರಕಟಣೆ. ಅಡ್ಡಿಯೇನಾದರೂ ತಿಳಿದವರು ಬಂದು ಹೇಳಬೇಕು. ತಿಳಿದೂ ಸುಮ್ಮನಿದ್ದರೆ ಪಾಪ.

ಮೂರು ಭಾನುವಾರ ಹೀಗೆ ಓದಿದ ಮೇಲೇ ತಾಳಿ. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿನ್ನಪ್ಪನ ತಾಯಿ ಲೂರ್ದಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸುತ್ತ ಕಣ್ಣಾಡಿಸಿದಳು. ಯಾರಿಗೆ ಗೊತ್ತು? ಯಾರಿಗೆ ಎಷ್ಟು ಗೊತ್ತು?

ಅವಳಿಗೆ ಗೊತ್ತಿದ್ದುದು ಇಷ್ಟು. ಒಂಬತ್ತು ವರ್ಷದ ಹಿಂದೆ ಟೈಲರ್ ಅರುಳಪ್ಪ ಹೊಲಿಗೆ ಯಂತ್ರ ಹೊತ್ತುಕೊಂಡು ಅವರ ಮುಂದಿನ ರೂಮಿಗೆ ಬಂದ. ಮರುವರ್ಷ ಚಿನ್ನಪ್ಪನಿಗೆ ಟೈಫಾಯಿಡ್. ಇಪ್ಪತ್ತೊಂದು ದಿನ ಅರುಳಪ್ಪ ಯಂತ್ರ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಕಾಫಿ ತಂದ ಲೂರ್ದಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಮಗನ ತಲೆ ಅರುಳಪ್ಪನ ತೊಡೆಯ ಮೇಲಿತ್ತು. ಗಂಡ ಹೆಂಡತಿಯ ಕೈ ಹಿಡಿಯುವ ಹಾಗೆ ಅರುಳಪ್ಪ ಅವನ ಕೈ ಹಿಡಿದಿದ್ದ. ಎರಡು ಲೋಟವನ್ನೂ ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಹೋದಳು. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮದುವೆ ಗೊತ್ತುಮಾಡಿದವನು ಅವಳ ಭಾವ ಇನ್ನಾಸಪ್ಪ. ಮನೆ ಅವನ ಹೆಸರಿನಲ್ಲಿತ್ತು. ಬೇಡವಾದವರನ್ನು ಒಂದೇ ಮಾತಿಗೆ ಬೀದಿಗೆ ಹಾಕುವ ಮನುಷ್ಯ.

“ಮುಂದಿನ ರೂಮಿನವನ ಮೇಲೆ ಒಂದು ಕಣ್ಣಿಟ್ಟಿರು,” ಅಂದ ಚರ್ಚಿನ ಅಂಗಳದಲ್ಲಿ. “ಸ್ವಾಮಿ ಹತ್ರ ಹೋಗಿ ಏನಾದ್ರೂ ಊದಿದ್ರೆ ಮದುವೆ ನಿಂತ್ಹೋಗುತ್ತೆ.”

“ಹೇಳ್ದೋರ ಹೆಸರು ಆಚೆ ಬರುತ್ತಾ ಭಾವ?”

“ಎಲ್ಲಿ ಬರುತ್ತೆ? ಸ್ವಾಮಿ ಬಾಯಿ ಬಿಡಲ್ಲ. ಅದಕ್ಕೇ ಕಣ್ಣಿಟ್ಟಿರು ಅಂದಿದ್ದು.”

ಕಣ್ಣಿಟ್ಟಳು. ಮಾತೆಯ ಪ್ರತಿಮೆಗೆ ಹೂವಿಡುವ ನೆಪದಲ್ಲಿ ದಿನಾ ಸಂಜೆ ಅಂಗಳದಲ್ಲಿ ನಿಂತು ಸ್ವಾಮಿಗಳ ಬಂಗಲೆಯ ಬಾಗಿಲು ಕಾದಳು. ಒಂದು ದಿನ ಪಕ್ಕದ ಮನೆಯ ಕೆಂಪಕ್ಕ ಒಳಗೆ ಹೋದಳು. ಹೊರಗೆ ಬರುತ್ತಲೇ ಲೂರ್ದಮ್ಮ ಅಡ್ಡ ಹಾಕಿದಳು.

“ಮೊಮ್ಮಗಳಿಗೆ ಸ್ಕೂಲ್ ಸೀಟು ಕೇಳೋಕೆ ಹೋಗಿದ್ದೆ ಕಣಕ್ಕಾ,” ಅಂದಳು ಕೆಂಪಕ್ಕ.

“ಅಷ್ಟೇನಾ?”

“ಇನ್ನೇನು, ಜ್ಞಾನಸ್ನಾನ ಮಾಡಿಸ್ಕೊಳ್ಳೋಕೆ ಹೋಗ್ತಾರಾ ಈ ವಯಸ್ಸಲ್ಲಿ?”

ಲೂರ್ದಮ್ಮ ಉದ್ದಕ್ಕೆ ಉಸಿರು ಬಿಟ್ಟಳು.

ಎರಡನೇ ಭಾನುವಾರವೂ ಹೆಸರು ಓದಿದರು. ಬೇಗೂರಿನ ಹುಡುಗಿ ಬಂದಿದ್ದಳು, ಹತ್ತೊಂಬತ್ತರ ಮಗು. ಲೂರ್ದಮ್ಮನ ಕೈ ಹಿಡಿದು, “ನಿಮ್ಮ ಮಗ ನಗೋದೇ ಇಲ್ವಾ ಅತ್ತೆ?” ಅಂದಳು.

ಮನೆಯಲ್ಲಿ ಅರುಳಪ್ಪ ಚಿನ್ನಪ್ಪನ ಮದುವೆ ಕೋಟು ಹೊಲಿಯುತ್ತಿದ್ದ. ನೀಲಿ ಬಟ್ಟೆ, ನೀಲಿ ದಾರ. ಮೊಳೆಗೆ ನೇತುಹಾಕಿದ್ದ ಮನೆಯ ಛತ್ರಿಯ ಮುರಿದ ಕಡ್ಡಿಯನ್ನೂ ಅದೇ ದಾರದಲ್ಲಿ ಬಿಗಿದು ಕಟ್ಟಿದ.

“ಸ್ವಾಮಿ ಹತ್ರ ಹೋಗಿದ್ಯಾ ನೀನು?” ಲೂರ್ದಮ್ಮ ಕೇಳಿದಳು.

“ಇಲ್ಲಮ್ಮ.”

“ಹೋಗ್ತೀಯಾ?”

ಅವನು ಹಲ್ಲಿನಿಂದ ದಾರ ಕಡಿದ. “ನನ್ನ ಬಾಯಿಂದ ಚಿನ್ನಪ್ಪನಿಗೆ ಕೆಟ್ಟ ಹೆಸರು ಬರಲ್ಲ.”

ಆ ಉತ್ತರ ಅವಳಿಗೆ ಸಮಾಧಾನ ಕೊಡಲಿಲ್ಲ.

ಬುಧವಾರ ಮಧ್ಯಾಹ್ನ ಆಲಿಕಲ್ಲು ಮಳೆ ಸುರಿಯಿತು. ಬಂಗಲೆ ಕಾಯಲು ಹೋಗಿದ್ದ ಲೂರ್ದಮ್ಮ ತೊಯ್ದು ಬಂದಳು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ ಅಂದಳು. ಅರುಳಪ್ಪ ಟವೆಲು ಕೊಟ್ಟ.

ಮೂರನೇ ಭಾನುವಾರ ಸ್ವಾಮಿಗಳು ಚೀಟಿ ಬಿಡಿಸಿದರು. ಬೇರೆ ಎರಡು ಜೋಡಿಯ ಹೆಸರು ಓದಿದರು. ಚೀಟಿ ಮಡಿಸಿದರು.

ಹೊರಗೆ ಗುಜುಗುಜು. ಗಂಟೆ ಹೊಡೆಯುವ ಚೌರಪ್ಪ ಒಂದು ಕಪ್ಪು ಛತ್ರಿ ಹಿಡಿದುಕೊಂಡು ಬಂದ. “ಬುಧವಾರ ಯಾರೋ ಬಂಗಲೆ ಜಗಲೀಲಿ ಬಿಟ್ಟು ಹೋಗವ್ರೆ. ಅಂಥ ಮಳೇಲಿ ಛತ್ರಿ ಮರೀಬೇಕಾದ್ರೆ ಎಷ್ಟು ಗಾಬರಿ ಇದ್ದಿರ್ಬೇಕು ನೋಡಿ.”

ಒಂದು ಕಡ್ಡಿಗೆ ನೀಲಿ ದಾರ ಸುತ್ತಿತ್ತು. ಇನ್ನಾಸಪ್ಪ ಅದನ್ನು ಬೆರಳಿನಿಂದ ಎತ್ತಿ ನೋಡಿದ.

“ನಿನ್ನ ಹೊಲಿಗೆಯೇನೋ ಇದು?”

“ನನ್ನದೇ,” ಅಂದ ಅರುಳಪ್ಪ.

“ನೀನೇ ಏನೋ ಹೋಗಿದ್ದು?”

ಅರುಳಪ್ಪ ಛತ್ರಿಯನ್ನು ಬಹಳ ಹೊತ್ತು ನೋಡಿದ. “ಹೂಂ.”

ಲೂರ್ದಮ್ಮ ಬಾಯಿ ತೆರೆದಳು.

“ನಾನೇ ಅಂದೆನಲ್ಲ,” ಅರುಳಪ್ಪ ಮತ್ತೆ ಹೇಳಿದ, ಈ ಸಲ ಸ್ವಲ್ಪ ಜೋರಾಗಿ.

“ಎಂಟು ದಿನದಲ್ಲಿ ಜಾಗ ಖಾಲಿ ಮಾಡು,” ಅಂದ ಇನ್ನಾಸಪ್ಪ.

“ಹಾಗಾದ್ರೆ ನಾನೂ ಮಾಡ್ತೀನಿ ದೊಡ್ಡಪ್ಪ,” ಅಂದ ಚಿನ್ನಪ್ಪ. ಮದುವೆ ಗೊತ್ತಾದಾಗಿನಿಂದ ಅವನು ತಲೆಯೆತ್ತಿ ಆಡಿದ ಮೊದಲ ಮಾತು ಅದು.

ಗೊಟ್ಟಿಗೆರೆಯಲ್ಲಿ ಒಂದು ರೂಮು ಸಿಕ್ಕಿತು. ಎತ್ತಿನ ಗಾಡಿಗೆ ಹೊಲಿಗೆ ಯಂತ್ರ ಏರಿಸಿದರು. ಚಿನ್ನಪ್ಪ ಹಗ್ಗ ಬಿಗಿಯುತ್ತಿದ್ದಾಗ ಅರುಳಪ್ಪ ಚೌರಪ್ಪನಿಂದ ಕೇಳಿ ತಂದಿದ್ದ ಛತ್ರಿಯನ್ನು ಲೂರ್ದಮ್ಮನ ಕೈಗಿಟ್ಟ.

“ಇದು ನಿಮ್ಮ ಹತ್ರಾನೇ ಇರ್ಲಿ ಅಮ್ಮ. ಮಳೇಲಿ ಮರೀಬೇಡಿ ಇನ್ನೊಂದು ಸಲ.”

“ನೀನು ಹೋಗ್ತೀಯ, ಇನ್ಯಾರಾದ್ರೂ ಹೋಗ್ತಾರೆ ಅಂತ ಹತ್ತು ದಿನ ಕಾದೆ ಕಣೋ,” ಅಂದಳು ಲೂರ್ದಮ್ಮ. “ಯಾರೂ ಹೋಗ್ಲಿಲ್ಲ. ಆ ಹುಡುಗಿ ಬದುಕು ಹಾಳಾಗ್ತಿತ್ತು. ನಾನೇ ಹೋದೆ.”

“ಏನಂದ್ರಿ ಸ್ವಾಮಿಗೆ?”

“ನನ್ನ ಮಗ ಆಗ್ಲೇ ಸಂಸಾರಸ್ಥ ಅಂದೆ. ಯಾರ ಜೊತೆ ಅಂತಾನೂ ಹೇಳ್ದೆ. ಇದು ಪಾಪಾನಾ ಸ್ವಾಮಿ ಅಂತ ಕೇಳ್ದೆ. ಸುಮ್ಮನಿದ್ದಿದ್ರೆ ಪಾಪ ಆಗ್ತಿತ್ತು ತಾಯಿ ಅಂದ್ರು.”

ಮೇ ಎಂಟನೇ ತಾರೀಖು, ಸೋಮವಾರ ಬೆಳಿಗ್ಗೆ, ಲೂರ್ದಮ್ಮನ ಮಗನೂ ಅವನ ಮನೆಯವನೂ ಹೊರಟರು.