ಕುಡಿತ ಬಿಡುವ ಸಭೆಯ ವಿಳಾಸ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಇವತ್ತಿನಿಂದ ನನಗೆ ಬರೀ ಮಜ್ಜಿಗೆಯೇ ಗತಿಯಾಗಲಿ. ಕುಡಿತ ಬಿಡುವವರ ಸಭೆ ನಮ್ಮೂರಲ್ಲೇ ವಾರವಾರ ನಡೆಯುತ್ತದೆಂದು ಗೊತ್ತಾಗಿ ಐದು ತಿಂಗಳಾಯಿತು. ಎಲ್ಲಿ ಎಂದು ಕೇಳುವುದೇ ಕಷ್ಟ. ನಾನು ಕುಡಿಯುವುದು ಊರಿಗೆಲ್ಲ ಗೊತ್ತು. ಬಿಡುತ್ತೇನೆಂದು ಗೊತ್ತಾದರೆ ಮರ್ಯಾದೆ ಉಳಿಯುತ್ತದೆಯೇ? ಅದಕ್ಕೇ ಗುಟ್ಟಾಗಿ ಬಾರಿನಲ್ಲಿ ವಿಚಾರಿಸಿದೆ. ಪಾಪ, ದಾರಿ ಹೇಳಿದರು. ಉಪಕಾರ ಮಾಡಿದವರಿಗೆ ಕುಡಿಸದೆ ಏಳುವುದು ನಮ್ಮ ಕಡೆ ಪದ್ಧತಿಯಲ್ಲ. ಅವರನ್ನು ಒಂಟಿಯಾಗಿ ಕುಡಿಯಲು ಬಿಡುವುದೂ ಅಲ್ಲ. ಬೆಳಗ್ಗೆ ಎದ್ದರೆ ದಾರಿ ಮರೆತಿತ್ತು. ಮುಂದಿನ ವಾರ ಮತ್ತೆ ಕೇಳಬೇಕಾಯಿತು.

ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರು ಟೀ ಹೀರುತ್ತ ಇಷ್ಟನ್ನೂ ಕೇಳಿಸಿಕೊಂಡರು.

"ಆಮೇಲೆ?" ಎಂದರು.

"ಆಮೇಲೇನು ಸಾರ್, ಆಟೋ ಹತ್ತಿದೆ. ಅವನು ನನ್ನ ಸೀದಾ ಹಿರಿಯೂರಲ್ಲಿ ಇಳಿಸ್ಬಿಟ್ಟ."

"ಹೋದ ವಾರ ಚಳ್ಳಕೆರೆ ಅಂದಿದ್ರಿ."

"ಹೋದ ವಾರ ಗಾಳಿ ಆ ಕಡೆ ಬೀಸ್ತಿತ್ತು."

ಅವರು ನಗಲಿಲ್ಲ. "ಮನೆಯವರು ಬಂದ್ರಾ?"

"ಎಲ್ಲಿ ಸಾರ್, ಇನ್ನೂ ತವರಲ್ಲೇ ಅವ್ಳೆ. ನೀವು ಒಂದೇ ಒಂದು ಸಭೆಗೆ ಹೋಗಿಬಂದು ಫೋನ್ ಮಾಡಿ, ನಾನು ಅವತ್ತೇ ಬಸ್ ಹತ್ತೀನಿ ಅಂದವ್ಳೆ."

"ಮತ್ತೆ?"

"ಹುಡುಕ್ತಾನೇ ಇದೀನಲ್ಲ. ಜಾಗ ಸಿಗ್ಲಿ ನೋಡಿ, ಮುಂದಿನ ಕುರ್ಚಿ ನಂದೇ. ಯಾಕಂದ್ರೆ ನಾನು ಒಂದ್ಸಲ ಮನಸ್ಸು ಮಾಡಿದ್ರೆ—"

ನನ್ನ ಮಾತು ಮುಗಿಯುವ ಮೊದಲೇ ಅವರು ಲೋಟ ಕೆಳಗಿಟ್ಟು ಎದ್ದು, ನಮ್ಮ ಬೆನ್ನ ಹಿಂದಿನ ಬಾಗಿಲು ತೆರೆದು ಸಭೆ ಶುರು ಮಾಡಲು ಒಳಗೆ ಹೋದರು. ಬಾಗಿಲು ಮಾತ್ರ ಹಾಕಿಕೊಳ್ಳಲಿಲ್ಲ.